ಮೆಸ್ಸಿನ ನೀಲಿ ಗೋಡೆ

ಶಿಡ್ಲಘಟ್ಟದಲ್ಲಿ ನಮ್ಮ ದಾಯಾದಿಗಳ ಮನೆ ಮದುವೆ. ಅಕ್ಷತೆ ಹಾಕಿ, ಮುಯ್ಯಿ ಕೊಟ್ಟು, ಮೊದಲನೇ ಪಂಕ್ತಿಯಲ್ಲೇ ಉಂಡು ಬಸ್ಸು ಹಿಡಿಯೋಣ ಅಂತ ಛತ್ರದ ಊಟದ ಮನೆಗೆ ಇಳಿದೆ. ಎಲೆ ಹಾಕಿದರು. ಕೋಸಂಬರಿ ಬಂತು, ಹುರುಳಿಕಾಯಿ ಪಲ್ಯ ಬಂತು, ಚಿತ್ರಾನ್ನ ಬಂತು, ತುಪ್ಪ ಸವರಿದ ಹೋಳಿಗೆ ಬಂತು. ಬೆಳಗ್ಗೆಯಿಂದ ಕಾಫಿ ಬಿಟ್ಟರೆ ಏನೂ ಬಿದ್ದಿರಲಿಲ್ಲ, ಒಳ್ಳೆ ಹಸಿವಿತ್ತು. ಸುಮ್ಮನೆ ತಲೆ ಎತ್ತಿ ಎದುರಿಗೆ ನೋಡಿದೆ. ಹೊಸದಾಗಿ ಬಣ್ಣ ಹೊಡೆಸಿದ ಗೋಡೆ, ಈ ತುದಿಯಿಂದ ಆ ತುದಿಗೆ ಒಂದೇ ನೀಲಿ. ಆಕಾಶದ್ದಲ್ಲ, ನವಿಲಿನದ್ದೂ ಅಲ್ಲ, ಬೂದಿ ಕಲಸಿದಂಥ ಸತ್ತ ನೀಲಿ. ಬಾಯಲ್ಲಿ ನೀರೂರಿತು. ವಾಂತಿ ಬರುವ ಮುಂಚೆ ಊರುತ್ತಲ್ಲ, ಆ ನೀರು.

ಕೈ ಎಲೆಯ ಮೇಲೇ ನಿಂತಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಎಲೆ ನೋಡಿ, "ಯಾಕ್ರಮ್ಮ, ತಿಂತಾನೇ ಇಲ್ಲ, ಷುಗರ್ರಾ?" ಅಂದಳು. ಹೂಂ ಅಂದುಬಿಟ್ಟೆ. ಗೋಡೆಯ ಬಣ್ಣ ನೋಡಿ ಊಟ ಸೇರುತ್ತಿಲ್ಲ ಅಂದರೆ ನಂಬುವವರು ಯಾರು.

ಹಾಗಂತ ನಾನು ಕಂಡಕಂಡದ್ದಕ್ಕೆ ಮೂಗು ಮುರಿಯುವವಳಲ್ಲ. ಇದೇ ಶಿಡ್ಲಘಟ್ಟದಲ್ಲಿ ಹುಟ್ಟಿ ಬೆಳೆದವಳು. ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವುದು ನಮ್ಮ ಮನೆಯ ಕಸುಬು, ಈಗಲೂ ನನ್ನ ತಮ್ಮ ಅದನ್ನೇ ನಡೆಸುತ್ತಾನೆ. ನೂಲೆಲ್ಲ ಬಿಚ್ಚಿಕೊಂಡು ಒಳಗಿನ ಬೆಂದ ಹುಳು ರಾಶಿ ಬಿದ್ದಾಗ ಏಳುವ ನಾತಕ್ಕೆ ಬೆಂಗಳೂರಿನ ನೆಂಟರು ಬೀದಿಯ ತುದಿಯಲ್ಲೇ ಕರ್ಚೀಫು ತೆಗೆಯುತ್ತಾರೆ. ನಾವು ಆ ನಾತದ ಪಕ್ಕದ ಕೋಣೆಯಲ್ಲೇ ಚಕ್ಕಳಮಕ್ಕಳ ಹಾಕಿ ಕೂತು ಮುದ್ದೆ ಮುರಿದವರು. ಕೋಣೆಯ ಮೂಲೆಯಲ್ಲಿ ಹಳದಿ ಗೂಡಿನ ಗುಡ್ಡೆ, ಬಾಗಿಲಲ್ಲಿ ಬಿಸಿಲು, ತಟ್ಟೆಯಲ್ಲಿ ಉಪ್ಪುಸಾರು. ಇನ್ನಷ್ಟು ಹಾಕು ಅನ್ನುತ್ತಿದ್ದೆವೇ ಹೊರತು ವಾಸನೆ ಅಂತ ಒಬ್ಬರೂ ಅಂದಿದ್ದಿಲ್ಲ. ಅಂಥ ನನ್ನ ಹೊಟ್ಟೆಯನ್ನು ಫಿನಾಯಿಲ್ ಹಾಕಿ ಒರೆಸಿದ, ಒಂದು ನೊಣವೂ ಇಲ್ಲದ ಒಂದು ಊಟದ ಮನೆ ಕೆಡಿಸಿಹಾಕಿತು. ಥೂ, ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತೆ.

ಅದಾಗಿ ಕೆಲವು ವರ್ಷ. ಆಗ ನಾನು ಚಿಕ್ಕಬಳ್ಳಾಪುರ ದಾಟಿ ಪೆರೇಸಂದ್ರದ ಕಡೆ ಹೋಗುವ ಹೈವೇ ಪಕ್ಕದ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ಹುಡುಗಿಯರ ಹಾಸ್ಟೆಲಿನ ವಾರ್ಡನ್. ಕಾಲೇಜಿನ ಹೆಸರು ಬೇಡ, ಹೇಳಿ ನನ್ನ ಬಾಯಿ ಯಾಕೆ ಕೆಡಿಸಿಕೊಳ್ಳಲಿ. ವಾರ್ಡನ್ನಿನ ಮನೆಯ ಒಂದು ಮಗುವಿಗೆ ಓದು, ಊಟ, ವಸತಿ ಎಲ್ಲ ಬಿಟ್ಟಿ ಅಂತ ಮಾತಾಗಿತ್ತು. ನನಗೆ ಮಕ್ಕಳಿಲ್ಲ. ತಮ್ಮನ ಮಗಳು ಪಲ್ಲವಿಯನ್ನು ಸೆಕೆಂಡ್ ಪಿಯುಸಿಗೆ ಅಲ್ಲಿಗೆ ಕರೆತಂದೆ. ಅವಳಿಗೆ ದನದ ಡಾಕ್ಟರಾಗುವ ಆಸೆ. ಬೀದಿಯಲ್ಲಿ ಯಾರ ಹಸು ಕರು ಹಾಕಿದರೂ ಓಡಿಹೋಗಿ ಮುಂದೆ ನಿಲ್ಲುತ್ತಿದ್ದ ಹುಡುಗಿ.

ತಮ್ಮನ ಹೆಂಡತಿ ಸರಳ ಚಿಂತಾಮಣಿಯ ಆಚೆಯವಳು. ಮನೆಮಾತು ತೆಲುಗು, ನನ್ನನ್ನು ಅತ್ತಿಗೆ ಅನ್ನದೆ ವದಿನಾ ಅಂತಲೇ ಕರೆಯುತ್ತಾಳೆ. ಮಗಳನ್ನು ಕಳಿಸಲು ಅವಳಿಗೆ ಇಷ್ಟವಿರಲಿಲ್ಲ.

"ಹೋದ ವರ್ಷ ಟೈಫಾಯ್ಡ್ ಬಂದು ಸತ್ತು ಬದುಕಿದಾಳೆ ವದಿನಾ. ಹಾಸ್ಟೆಲ್ ಊಟ ಒಗ್ಗಲಿಲ್ಲ ಅಂದ್ರೆ? ಇನ್ನೊಂದ್ಸಲ ಸೊರಗಿದ್ಲು ಅಂದ್ರೆ ನಾನು ಸುಮ್ನೆ ಕರ್ಕೊಂಡ್ಬಂದ್ಬಿಡ್ತೀನಿ. ಓದೂ ಬೇಡ, ಗೀದೂ ಬೇಡ."

"ನಾನು ಸತ್ತೋಗಿದೀನೇನೆ?" ಅಂದೆ. "ಅವಳ ಹೊಟ್ಟೆ ನನ್ನ ಜವಾಬ್ದಾರಿ. ಪರೀಕ್ಷೆ ಬರೆಸಿ ಕಳಿಸ್ತೀನಿ."

ಆ ಬೇಸಿಗೆಯಲ್ಲೇ ಕಾಲೇಜಿಗೆಲ್ಲ ಹೊಸ ಬಣ್ಣ ಹೊಡೆಸಿದ್ದರು. ಸೆಕ್ರೆಟರಿ ಅನ್ನುವ ಆಸಾಮಿ ಬೆಂಗಳೂರಿನಿಂದ ಯಾರೋ ಬಣ್ಣದ ಸಲಹೆಗಾರನನ್ನು ಕರೆಸಿದ್ದನಂತೆ. ಮೊದಲ ದಿನ ತಂದೆತಾಯಂದಿರನ್ನೆಲ್ಲ ಕೂಡಿಸಿ ಭಾಷಣ ಬಿಗಿದ. "ನಮ್ಮ ಕ್ಯಾಂಪಸ್ಸಲ್ಲಿ ಗೋಡೆನೂ ಪಾಠ ಮಾಡ್ತದೆ. ಸ್ಟಡಿ ಹಾಲಿಗೆ ಹಳದಿ, ಮೆದುಳು ಚುರುಕಾಗ್ತದೆ. ರೂಮಿಗೆ ತಿಳಿ ಗುಲಾಬಿ, ಜಗಳ ಇರಲ್ಲ. ಓಡಾಡೋ ದಾರಿಗೆ ಕೆಂಪು, ಯಾರೂ ನಿಂತು ಹರಟೆ ಹೊಡಿಯಲ್ಲ. ಮೆಸ್ಸಿಗೆ ನೀಲಿ, ಮನಸ್ಸು ತಂಪು." ಗೌರಿಬಿದನೂರಿನಿಂದ, ಚಿಂತಾಮಣಿಯಿಂದ ಬಂದ ಅಪ್ಪಂದಿರು ಚಪ್ಪಾಳೆ ತಟ್ಟಿದರು. ಗುಲಾಬಿ ಬಣ್ಣದ ರೂಮುಗಳಲ್ಲಿ ಹುಡುಗಿಯರು ಅದೇ ಸಂಜೆ ಬಕೆಟ್ಟಿಗಾಗಿ ಜುಟ್ಟು ಹಿಡಿದುಕೊಂಡರು, ಅದು ಬೇರೆ ಮಾತು. ನಾನು ನಕ್ಕು ಸುಮ್ಮನಾದೆ.

ನಗು ನಿಂತದ್ದು ಮೆಸ್ಸಿನಲ್ಲಿ. ನಾಲ್ಕು ಗೋಡೆಗೂ ನೀಲಿ, ತಾರಸಿಗೂ ನೀಲಿ. ಮೇಜಿಗೆ ನೀಲಿ ಹಾಳೆ ಅಂಟಿಸಿದ್ದರು, ತಟ್ಟೆ ಲೋಟವೂ ನೀಲಿ ಪ್ಲಾಸ್ಟಿಕ್ಕಿನವು. ಕಿಟಕಿಗಳಿಗೆ ಸ್ಟಿಕ್ಕರ್ ಮೆತ್ತಿ ಹಗಲು ಹೊತ್ತಿನಲ್ಲೂ ಟ್ಯೂಬ್‌ಲೈಟು. ಆ ಬೆಳಕಿನಲ್ಲಿ ಅನ್ನ ಹಾಕಿಸಿಕೊಂಡರೆ ಅನ್ನ ನೀರು ಬೆರೆಸಿದ ಹಾಲಿನ ಬಣ್ಣಕ್ಕೆ ತಿರುಗುತ್ತಿತ್ತು. ತಿಳಿಸಾರು ಚರಂಡಿಯಲ್ಲಿ ನಿಂತ ನೀರು. ಮುದ್ದೆಯಂತೂ ಕೆರೆಯಿಂದ ಈಗಷ್ಟೇ ತೆಗೆದ ಕೆಸರುಂಡೆ. ಮೊಸರನ್ನದ ಕಡೆ ನೋಡುವ ಹಾಗೇ ಇರಲಿಲ್ಲ. ಎದುರಿಗೆ ಕೂತ ಹುಡುಗಿಯ ತುಟಿ ನೀಲಿ, ಉಗುರು ನೀಲಿ, ಹೆಣದ ಜೊತೆ ಪಂಕ್ತಿಗೆ ಕೂತ ಹಾಗೆ. ಮೊದಲ ವಾರದಲ್ಲೇ ನನಗೆ ಎರಡನೇ ಸಲ ಬಡಿಸಿಕೊಳ್ಳುವ ಮನಸ್ಸು ಹೋಯಿತು. ವಯಸ್ಸಾಯಿತೇನೋ ಅಂದುಕೊಂಡೆ.

ವಯಸ್ಸು ನನಗೆ ಆಗಿರಬಹುದು, ಪಲ್ಲವಿಗೂ ಆಗಿತ್ತಾ? ಮನೆಯಲ್ಲಿ ಅಡುಗೆಯಾಗುವ ಮುಂಚೆಯೇ ಪಾತ್ರೆ ಮುಚ್ಚಳ ತೆಗೆದು ನೋಡುವವಳು ಇಲ್ಲಿ ಮುದ್ದೆಯನ್ನು ಬೆರಳಲ್ಲಿ ಚುಚ್ಚಿ ಚುಚ್ಚಿ ಬಿಡುತ್ತಿದ್ದಳು. ಬೇರೆ ಹುಡುಗಿಯರೂ ಅಷ್ಟೆ. ಕೈ ತೊಳೆಯುವ ಜಾಗದ ಪಕ್ಕದ ಡ್ರಮ್ಮು ಮಧ್ಯಾಹ್ನವೇ ತುಂಬುತ್ತಿತ್ತು. ಯಾರನ್ನು ಕೇಳಿದರೂ ಗ್ಯಾಸ್ಟ್ರಿಕ್ಕು, ಯಾರನ್ನು ಕೇಳಿದರೂ ತಲೆನೋವು. ಅಡುಗೆಯ ಸಾವಿತ್ರಮ್ಮ, ಮದುವೆ ಮನೆಗಳಲ್ಲಿ ಸೌಟು ಹಿಡಿದು ಹೆಸರು ಮಾಡಿದ ಹೆಂಗಸು, ಒಂದು ದಿನ ನನ್ನ ಮುಂದೆ ಕಣ್ಣೀರು ಹಾಕಿಕೊಂಡಳು. "ನನ್ ಕೈಗೇ ಏನೋ ಆಗೈತೆ ಮೇಡಂ. ಇಷ್ಟ್ ವರ್ಷದಲ್ಲಿ ನಾನ್ ಮಾಡಿದ್ ಸಾರು ಹಿಂಗೆ ಚೆಲ್ಲಿದ್ ನೋಡಿಲ್ಲ."

ನಾನು ಸಾರಿನ ರುಚಿ ನೋಡಿದೆ. ಅಡುಗೆಮನೆಯಲ್ಲಿ ನಿಂತು ನೋಡಿದಾಗ ಅಮೃತದ ಹಾಗಿತ್ತು. ಅದೇ ಸಾರು ಮೆಸ್ಸಿನ ಮೇಜಿಗೆ ಬಂದಾಗ ಗಂಟಲಲ್ಲಿ ಇಳಿಯಲಿಲ್ಲ. ಆಗಲೂ ನನ್ನ ಮಂಡೆಗೆ ಹೊಳೆಯಲಿಲ್ಲ ನೋಡಿ.

ಗೌರಿ ಗಣೇಶಕ್ಕೆ ಪಲ್ಲವಿಯನ್ನು ಮನೆಗೆ ಕರೆದುಕೊಂಡು ಹೋದೆ. ಬಾಗಿಲಲ್ಲೇ ಸರಳ ಮಗಳ ಗಲ್ಲ ಹಿಡಿದು ತಿರುಗಿಸಿ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಆ ನೋಟ ಸಾಕಾಗಿತ್ತು. ಹಬ್ಬದ ಮಾರನೇ ದಿನ ಷೆಡ್ಡಿನಲ್ಲಿ ಗೂಡು ಬೇಯುತ್ತಿತ್ತು, ನಾತ ಅಂದರೆ ನಾತ. ಪಲ್ಲವಿ ಪಕ್ಕದ ಕೋಣೆಯಲ್ಲಿ ಹಳದಿ ಗೂಡಿನ ಗುಡ್ಡೆಗೆ ಒರಗಿಕೊಂಡು, ಹುಳಿ ಸುರಿಸಿಕೊಂಡು ಮುದ್ದೆಯ ಮೇಲೆ ಮುದ್ದೆ ಇಳಿಸಿದಳು. ತಟ್ಟೆ ನೆಕ್ಕಿದಳು.

"ಅಲ್ಲಿ ಯಾಕ್ ಹಿಂಗೆ ತಿನ್ನಲ್ಲ?" ಅಂತ ಸರಳ ಕೇಳಿದಳು.

"ಅಲ್ಲಿ ಊಟ ನೋಡಿದ್ರೆ ಅಸಹ್ಯ ಆಗ್ತದಮ್ಮ. ಏನಂತ ಗೊತ್ತಿಲ್ಲ, ಬೂಸ್ಟು ಹಿಡ್ದಂಗ್ ಕಾಣ್ತದೆ."

ಕಾಣುತ್ತದೆ ಅಂದಳು. ನಾರುತ್ತದೆ ಅನ್ನಲಿಲ್ಲ, ಕೆಟ್ಟ ರುಚಿ ಅನ್ನಲಿಲ್ಲ. ಸರಳ ನನ್ನನ್ನು ಹಿತ್ತಲಿಗೆ ಕರೆದು, "ದಸರಾ ಆದ್ಮೇಲೆ ನಿಮ್ ಕಾಲೇಜಲ್ಲಿ ತಂದೆತಾಯಿ ಭಾನುವಾರ ಅಂತೆ. ಆವತ್ತು ಬಂದು ನೋಡ್ತೀನಿ ವದಿನಾ. ಹಿಂಗೇ ಇದ್ರೆ ಬಟ್ಟೆ ಗಂಟು ಕಟ್ಕೊಂಡು ಬರೋದೇ," ಅಂದಳು. ಅವಳು ತಮಾಷೆಗೆ ಹೇಳುವ ಪೈಕಿಯಲ್ಲ.

ವಾಪಸು ಬಂದ ದಿನವೇ ಸಾವಿತ್ರಮ್ಮನ ಅಡುಗೆಮನೆಯಿಂದ ಒಂದು ಸ್ಟೀಲ್ ತಟ್ಟೆ ಇಸಿದುಕೊಂಡು, ಮೆಸ್ಸಿನ ಅದೇ ಹುಳಿ ಅದೇ ಮುದ್ದೆ ಹಾಕಿಸಿ, ಪಲ್ಲವಿಯನ್ನು ಹಿಂದಿನ ಬಾಗಿಲ ಮೆಟ್ಟಿಲ ಮೇಲೆ ಬಿಸಿಲಲ್ಲಿ ಕೂರಿಸಿದೆ. ಹುಳಿ ಕೆಂಪಗೆ ಹೊಳೆಯಿತು, ಮುದ್ದೆಯ ಮೇಲೆ ತುಪ್ಪ ಕಾಣಿಸಿತು. ಹುಡುಗಿ ತಲೆ ಎತ್ತದೆ ತಿಂದಳು. ನನ್ನ ಮೈಯೆಲ್ಲ ಉರಿದುಹೋಯಿತು. ಇಷ್ಟು ದಿನ ಈ ಮಕ್ಕಳಿಗೆ ಗ್ಯಾಸ್ಟ್ರಿಕ್ ಮಾತ್ರೆ ನುಂಗಿಸಿದೆವಲ್ಲ, ನುಂಗಿಸಬೇಕಾದ್ದು ಆ ಗೋಡೆಗೆ ಅಂತ ಅನ್ನಿಸಿತು.

ನೇರ ಸೆಕ್ರೆಟರಿಯ ರೂಮಿಗೆ ಹೋದೆ. "ಸಾರ್, ಮೆಸ್ಸಿನ ಬಣ್ಣಕ್ಕೆ ಮಕ್ಕಳಿಗೆ ಊಟ ಸೇರ್ತಿಲ್ಲ. ಸುಣ್ಣ ಆದ್ರೂ ಬಳಿಸಿ."

ಆತ ಗಾಬರಿಯಾಗುತ್ತಾನೆ ಅಂದುಕೊಂಡಿದ್ದೆ. ಮುಖ ಅರಳಿತು. "ನೋಡಿದ್ರಾ, ವರ್ಕ್ ಆಗ್ತಿದೆ," ಅಂದ. "ಅದಕ್ಕೇ ಆ ಬಣ್ಣ ಹೊಡೆಸಿದ್ದು ಮೇಡಂ. ನೀಲಿ ನೋಡಿದ್ರೆ ಹಸಿವು ಕಮ್ಮಿ ಆಗ್ತದಂತೆ. ಈ ಹಳ್ಳಿ ಮಕ್ಕಳು ಮಧ್ಯಾಹ್ನ ಮುದ್ದೆ ಬಾರಿಸಿ ಕ್ಲಾಸಲ್ಲಿ ತೂಕಡಿಸ್ತಾ ಇದ್ರು. ಈಗ ನೋಡಿ, ಒಬ್ರೂ ಕಣ್ಣು ಮುಚ್ಚಲ್ಲ. ಅಕ್ಕಿ ಬೇಳೆನೂ ಉಳೀತು."

"ಅಂದ್ರೆ ಗೊತ್ತಿದ್ದೇ ಮಾಡಿದೀರ?"

"ಸೈನ್ಸ್ ಮೇಡಂ ಇದು," ಅಂದು ಟೀ ಕುಡಿದ. ಟೀ ಕಪ್ಪು ಮಾತ್ರ ಬಿಳಿ ಪಿಂಗಾಣಿಯದ್ದು. ರೂಮಿನ ಗೋಡೆಗೆ ಕೆನೆ ಬಣ್ಣ. ಆತನ ಗಲ್ಲದ ಮೇಲೆ ಮಧ್ಯಾಹ್ನದ ಊಟದ ತುಪ್ಪದ ಪಸೆ ಇನ್ನೂ ಇತ್ತು. ಅದನ್ನು ನೋಡಿ ನನಗೆ ಆ ಮೆಸ್ಸಿಗಿಂತ ಹೆಚ್ಚು ಹೇಸಿಗೆಯಾಯಿತು. ನಮ್ಮ ಕಡೆ ಕೋಳಿ ಫಾರಂನವರು ಕೂಡ ಕೋಳಿ ಚೆನ್ನಾಗಿ ಮೇಯಲಿ ಅಂತ ದೀಪ ಹಾಕುತ್ತಾರೆ. ಈತ ಮೇಯಬಾರದು ಅಂತ ಹಾಕಿದ್ದ. ಕೆಲಸ ಬಿಸಾಕಿ ಎದ್ದು ಬರಬೇಕು ಅನ್ನಿಸಿತು. ಬಂದರೆ ಪಲ್ಲವಿಯ ಓದು ಅಲ್ಲಿಗೇ ನಿಂತಂತೆ. ವರ್ಷದ ಮಧ್ಯದಲ್ಲಿ ಯಾರು ಸೇರಿಸಿಕೊಳ್ಳುತ್ತಾರೆ. ಹಲ್ಲು ಕಚ್ಚಿಕೊಂಡು ಹೊರಗೆ ಬಂದೆ.

ಆಯುಧಪೂಜೆ ಬಂತು, ಹೋಯಿತು. ಹಾಸ್ಟೆಲಿಗೆ ರಜೆಯಿಲ್ಲ. ಹಬ್ಬ ಮುಗಿದ ಬೆಳಗ್ಗೆ ತರಕಾರಿಗೆ ಅಂತ ಚಿಕ್ಕಬಳ್ಳಾಪುರಕ್ಕೆ ಕಾಲೇಜಿನ ಆಟೋದಲ್ಲಿ ಹೋಗಿದ್ದೆ. ನಮ್ಮ ಕಡೆಯವರಿಗೆ ಗೊತ್ತಿರುವ ದೃಶ್ಯವೇ, ಹಬ್ಬದ ಹಿಂದಿನ ದಿನ ಕೈಗೆ ಸಿಗದ ಹೂವು ಮಾರನೇ ದಿನ ರಸ್ತೆಪಾಲು. ಹೂವಿನ ಮಂಡಿಯ ಹತ್ತಿರ ಒಬ್ಬ ರೈತ ಟೆಂಪೋ ಹಿಂದಕ್ಕೆ ತಿರುಗಿಸಿಕೊಂಡು ಚೆಂಡು ಹೂವಿನ ಮೂಟೆಗಳನ್ನು ರಸ್ತೆಬದಿಗೆ ಸುರಿಯಲು ನಿಂತಿದ್ದ. ಹಳದಿ, ಕಿತ್ತಳೆ, ಬಿಸಿಲು ಬಿದ್ದು ಉರಿಯುತ್ತಿತ್ತು. ಅದನ್ನು ನೋಡುತ್ತಿದ್ದ ಹಾಗೆ ನನಗೆ ತಮ್ಮನ ಮನೆಯ ಗೂಡಿನ ಗುಡ್ಡೆ ನೆನಪಾಯಿತು, ಹೊಟ್ಟೆ ಚುರ್ರೆಂದಿತು. ಎಷ್ಟೋ ತಿಂಗಳ ಮೇಲೆ ನಿಜವಾದ ಹಸಿವು.

"ಏನಪ್ಪ, ಸುರೀತೀಯಾ?"

"ಇನ್ನೇನ್ ಮಾಡ್ಲಮ್ಮ. ತಗೊಂಡೋಗಂಗಿದ್ರೆ ತಗೊಂಡೋಗು, ನಂಗೆ ಟೆಂಪೋ ಬಾಡಿಗೆನಾದ್ರೂ ಸಿಗ್ತದೆ."

ಟೆಂಪೋ ಸಮೇತ ಹಾಸ್ಟೆಲಿಗೆ ಕರೆತಂದೆ. ಸೆಕ್ರೆಟರಿ ಊರಲ್ಲಿರಲಿಲ್ಲ. ಹುಡುಗಿಯರು ಸೂಜಿ ದಾರ ಹಿಡಿದು ಕೂತರು. ಮನೆಯಲ್ಲಿ ಗೂಡಿನ ಎಳೆ ಹಿಡಿದು ಬೆಳೆದ ಪಲ್ಲವಿಯ ಬೆರಳಂತೂ ಓಡಿದ್ದೇ ಓಡಿದ್ದು. ತಾರಸಿಯ ಅಂಚಿನಿಂದ ನೆಲದವರೆಗೆ ಸರಕ್ಕೆ ಸರ ಒತ್ತಾಗಿ ಇಳಿಬಿಟ್ಟೆವು, ಗೋಡೆ ಬೆರಳಗಲವೂ ಕಾಣದ ಹಾಗೆ. ಕಿಟಕಿಯ ಸ್ಟಿಕ್ಕರನ್ನು ನಾನೇ ಉಗುರಲ್ಲಿ ಕೆರೆದು ಕಿತ್ತೆ. ಮೇಜಿನ ಮೇಲೆ ನನ್ನ ಹಳೇ ಸೀರೆಗಳನ್ನು ಹಾಸಿದೆವು. ಸಾವಿತ್ರಮ್ಮ ಆವತ್ತು ವಿಶೇಷ ಏನೂ ಮಾಡಿರಲಿಲ್ಲ, ಅನ್ನ, ಬೇಳೆಸಾರು, ಹಪ್ಪಳ. ಮಕ್ಕಳು ಕೂತರು. ಅಗಿಯುವ ಸದ್ದೊಂದೇ. ಅನ್ನ ಮುಗಿದು, ಇನ್ನೊಂದು ಹಂಡೆ ಇಟ್ಟು, ಅದೂ ಮುಗಿದು, ಸಾವಿತ್ರಮ್ಮ ಸೌಟು ಹಿಡಿದುಕೊಂಡೇ ಅತ್ತಳು. ಮಧ್ಯಾಹ್ನದ ಕ್ಲಾಸಿನಲ್ಲಿ ಹುಡುಗಿಯರು ತೂಕಡಿಸಿದರಂತೆ. ತೂಕಡಿಸಲಿ ಬಿಡಿ, ಹೊಟ್ಟೆ ತುಂಬಿದ ಮೇಲೆ ನಾಯಿಯೂ ಮಲಗುತ್ತದೆ.

ಸೆಕ್ರೆಟರಿ ಬಂದವನೇ ಕೂಗಾಡಿದ. ಹಬ್ಬದ ಹೂವು ಸಾರ್, ತಾನಾಗಿ ಒಣಗಿ ಬೀಳೋವರೆಗೂ ಕೀಳಬಾರದು, ಕಾಲೇಜಿಗೆ ಒಳ್ಳೇದಲ್ಲ ಅಂತ ಒಂದು ಸುಳ್ಳು ಬಿಟ್ಟೆ. ಸೈನ್ಸು ಮಾತಾಡುವವನು ಶಾಸ್ತ್ರಕ್ಕೆ ಹೆದರಿದ. ಅಷ್ಟೂ ಹೂವು ಹಾಗೇ ಉಳಿಯಿತು.

ಚೆಂಡು ಹೂವು ಒತ್ತಾಗಿ ಕಟ್ಟಿದರೆ ಒಣಗುವುದಿಲ್ಲ, ಕೊಳೆಯುತ್ತದೆ. ಆ ಸಲ ಮಳೆಯ ಥಂಡಿ ಬೇರೆ. ಹಳದಿ ಕಂದಾಯಿತು, ಕಂದು ಕಪ್ಪಾಯಿತು, ಗೋಡೆಯ ಮೇಲಿಂದ ಲೋಳೆ ಇಳಿಯಿತು. ಗುಂಗಾಡು ನೊಣಗಳು ತುಂಬಿಕೊಂಡವು. ಮೆಸ್ಸಿನ ಬಾಗಿಲು ತೆಗೆದರೆ ಮುಖಕ್ಕೆ ಹೊಡೆಯುವ ನಾತ. ಹುಡುಗಿಯರು ಗುಂಗಾಡು ಓಡಿಸಿಕೊಂಡು, ನಗಾಡಿಕೊಂಡು, ಆ ನಾತದ ನಡುವೆಯೇ ಉಂಡರು. ಪಲ್ಲವಿ ತನ್ನ ಮನೆಯಲ್ಲೇ ಇರುವವಳ ಹಾಗೆ ಉಂಡಳು.

ತಂದೆತಾಯಿ ಭಾನುವಾರ ಅಷ್ಟರಲ್ಲಿ ಬಂತು. ಸೆಕ್ರೆಟರಿ ಬೇಕಂತಲೇ ಎಲ್ಲರನ್ನೂ ಮೆಸ್ಸಿನ ಬಾಗಿಲಿಗೆ ಕರೆತಂದ. "ನಿಮ್ಮ ವಾರ್ಡನ್ ಮೇಡಂ ಮಾಡಿರೋ ಗಲೀಜು ನೋಡಿ," ಅಂದ. ಹೆಂಗಸರು ಸೆರಗು ಮೂಗಿಗೆ ಹಿಡಿದರು, ಗಂಡಸರು ಛೀ ಅಂದರು. ನನ್ನ ಕಣ್ಣು ಸರಳಳ ಮೇಲೆ. ಅವಳ ಕೈಯಲ್ಲಿ ಖಾಲಿ ಬ್ಯಾಗಿತ್ತು, ಮಗಳ ಬಟ್ಟೆ ತುಂಬಿಕೊಳ್ಳಲು ತಂದದ್ದು. ಬೆಂದ ಹುಳುವಿನ ನಾತದಲ್ಲಿ ದಿನ ಕಳೆಯುವ ಅವಳಿಗೆ ಈ ಹೂವಿನ ನಾತ ಯಾವ ಲೆಕ್ಕ. ಸೀದಾ ಒಳಗೆ ಹೋಗಿ ಮಗಳ ಪಕ್ಕ ಕೂತಳು. ಪಲ್ಲವಿ ತಾಯಿಯನ್ನು ನೋಡಿ ನಕ್ಕು, ಬಾಯಲ್ಲಿ ತುತ್ತಿಟ್ಟುಕೊಂಡೇ ಇನ್ನೊಂದು ಮುದ್ದೆಗೆ ತಟ್ಟೆ ಚಾಚಿದಳು.

ಹೂವು ಉದುರಿದ ಒಂದು ಕಡೆ ಗೋಡೆ ಕಾಣುತ್ತಿತ್ತು. ಸರಳ ಅದನ್ನೇ ನೋಡಿದಳು. "ಏಂದಿದು ವದಿನಾ, ಥೂ, ಹೆಣದ ಉಗುರಿನ ಬಣ್ಣ. ಇದನ್ನ ನೋಡ್ಕೊಂಡು ಯಾರಾದ್ರೂ ಅನ್ನ ತಿಂತಾರಾ?" ಅಂದಳು. ಮಾತು ಎಲ್ಲರಿಗೂ ಕೇಳಿಸಿತು. ನಾನು ಆಗ ಸುಮ್ಮನಿರಲಿಲ್ಲ. ಆ ಬಣ್ಣ ಯಾಕೆ ಹೊಡೆಸಿದ್ದಾರೆ ಅಂತ ಸೆಕ್ರೆಟರಿಯ ಎದುರಿಗೇ, ಆತ ಆಡಿದ ಮಾತಿನಲ್ಲೇ ಹೇಳಿದೆ. ಮೂಗು ಮುಚ್ಚಿದ್ದ ಸೆರಗುಗಳು ಒಂದೊಂದೇ ಇಳಿದವು. ಗೌರಿಬಿದನೂರಿನ ಒಬ್ಬ ಅಪ್ಪ ಮಗಳ ಮುಂದಿದ್ದ ನೀಲಿ ತಟ್ಟೆ ಎತ್ತಿ ತಿರುಗಿಸಿ ನೋಡಿ, ದೂರಕ್ಕೆ ಸರಿಸಿಟ್ಟ. ಮುಂದಿನ ವಾರದೊಳಗೆ ಪ್ರತಿಯೊಬ್ಬ ಹುಡುಗಿಗೂ ಮನೆಯಿಂದ ಸ್ಟೀಲ್ ತಟ್ಟೆ ಬಂತು.

ಸರಳ ಖಾಲಿ ಬ್ಯಾಗನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿದಳು.

ಗೋಡೆಯನ್ನು ಮಾತ್ರ ಆತ ಬದಲಿಸಲಿಲ್ಲ. ಸೋಮವಾರವೇ ಹೂವೆಲ್ಲ ಕೀಳಿಸಿ, ತೊಳೆಸಿ, ಕಲೆ ಕಂಡ ಕಡೆ ಅದೇ ನೀಲಿಯನ್ನು ಇನ್ನೊಂದು ಸಲ ಬಳಿಸಿದ. ಕಿಟಕಿಗೆ ಮತ್ತೆ ಸ್ಟಿಕ್ಕರ್ ಮೆತ್ತಿಸಿ, ಯಾರೂ ಬಿಸಿಲಿಗೆ ಹೋಗಿ ಉಣ್ಣದ ಹಾಗೆ ಹಿಂದಿನ ಬಾಗಿಲಿಗೆ ಬೀಗ ಹಾಕಿಸಿದ. ನನಗೆ, ಮಾರ್ಚ್ ಆದಮೇಲೆ ಬರುವುದು ಬೇಡ ಅಂದ. ತಂದೆತಾಯಂದಿರ ಕಣ್ಣಿದೆ ಅಂತ ನಡುವೆ ಓಡಿಸಲಿಲ್ಲ, ಅಷ್ಟೆ.

ಮತ್ತೆ ಪಲ್ಲವಿಯ ಬೆರಳು ಮುದ್ದೆಯನ್ನು ಚುಚ್ಚಲು ಶುರುವಿಟ್ಟಿತು. ಅವಳನ್ನು ಗೋಡೆಗೆ ಬೆನ್ನು ಮಾಡಿ ಕೂರಿಸಿ, ಎದುರಿಗೆ ನಾನು ಕೂತೆ. ಬೀರುವಿನಲ್ಲಿದ್ದ ಅರಿಶಿನದ ಬಣ್ಣದ, ಕಿತ್ತಳೆ ಬಣ್ಣದ ಸೀರೆಗಳನ್ನೇ ತಿರುಗಾ ಮುರುಗಾ ಉಟ್ಟೆ. "ಗೋಡೆ ನೋಡ್ಬೇಡ, ತಾರಸಿ ನೋಡ್ಬೇಡ. ನನ್ನ ಮುಖ ನೋಡ್ಕೊಂಡು ತಿನ್ನು," ಅಂದೆ. ಅವಳು ನನ್ನ ಮುಖ ನೋಡಿಕೊಂಡು ತಿಂದಳು. ನಾನು ಅವಳ ತಲೆಯ ಹಿಂದಿನ ನೀಲಿ ನೋಡಿಕೊಂಡು ತಿಂದೆ. ನಾನು ತಿನ್ನದಿದ್ದರೆ ಅವಳೂ ನಿಲ್ಲಿಸುತ್ತಿದ್ದಳು, ಅದಕ್ಕೆ ಒಂದೊಂದು ತುತ್ತನ್ನೂ ನಗುತ್ತಾ ನುಂಗಬೇಕಾಗಿತ್ತು. ಅವರೆಕಾಯಿ ಕಾಲ ಬಂತು. ಸಾವಿತ್ರಮ್ಮ ಹಿದುಕಿದ ಬೇಳೆ ಸಾರು ಮಾಡಿದಳು, ವರ್ಷವಿಡೀ ಕಾಯುವ ಸಾರು. ಅದನ್ನೂ ಆ ಗೋಡೆಯ ಎದುರಿಗೆ ಕೂತೇ ನುಂಗಿದೆ. ಈಗ ಅವರೆಕಾಯಿ ಸೊಗಡು ಬಂದರೂ ನನಗೆ ಮೊದಲು ನೆನಪಾಗುವುದು ಆ ನೀಲಿ, ಅಷ್ಟು ಕೆಡಿಸಿಟ್ಟ ಪಾಪಿ. ಮಾರ್ಚಿನಲ್ಲಿ ಪಲ್ಲವಿ ಗಲ್ಲ ತುಂಬಿಕೊಂಡೇ ಪರೀಕ್ಷೆ ಬರೆದಳು. ಈಗ ಬೀದರಿನಲ್ಲಿ ದನದ ಡಾಕ್ಟರಿಕೆ ಓದುತ್ತಿದ್ದಾಳೆ.

ಶಿಡ್ಲಘಟ್ಟದ ಈ ಮದುವೆಗೂ ಬಂದಿದ್ದಳು. ಎದುರು ಸಾಲಿನಲ್ಲಿ, ಗೋಡೆಗೆ ಬೆನ್ನು ಮಾಡಿ, ಗೆಳತಿಯರ ಜೊತೆ ಹರಟುತ್ತಾ ಕೂತಿದ್ದಳು. ನನ್ನ ಕೈ ಎಲೆಯ ಮೇಲೆ ನಿಂತದ್ದು ಅವಳಿಗೆ ಕಂಡಿತು. ಒಂದು ಸಲ ಹಿಂದಕ್ಕೆ ತಿರುಗಿ ಗೋಡೆ ನೋಡಿದಳು. ಎದ್ದು ಬಡಿಸುವವರ ನಡುವೆ ನುಸುಳಿಕೊಂಡು ನನ್ನ ಹತ್ತಿರ ಬಂದಳು.

"ಏಳಿ ಅತ್ತೆ. ನನ್ನ ಎಲೆಗೆ ಹೋಗಿ, ನಾನಿನ್ನೂ ಮುಟ್ಟಿಲ್ಲ."

"ಬಡಿಸಿದ ಎಲೆ ಬಿಟ್ಟು ಏಳ್ತಾರೇನೆ? ಜನ ನೋಡ್ತಾರೆ, ಹೋಗು ಕೂತ್ಕೋ."

"ನೋಡ್ಲಿ ಬಿಡಿ. ನೀವು ಆ ಕಡೆ ಕೂತು ನನ್ನ ಮುಖ ನೋಡ್ಕೊಂಡು ತಿನ್ನಿ."

ಹೋಗಿ ಅವಳ ಎಲೆಯ ಮುಂದೆ ಕೂತೆ. ಬೆನ್ನ ಹಿಂದೆ ಗೋಡೆ, ಎದುರಿಗೆ ನನ್ನ ಎಲೆಯ ಮುಂದೆ ಅವಳು. ನಾನು ಹೋಳಿಗೆ ಮುರಿದೆ. ಅವಳೂ ಮುರಿದು ಬಾಯಿಗಿಟ್ಟುಕೊಂಡು, ಕಣ್ಣೆತ್ತಿ ನನ್ನ ತಲೆಯ ಮೇಲಿನ ನೀಲಿ ನೋಡಿದಳು. ಗಂಟಲು ಒಂದು ಚೂರು ತಡೆದದ್ದು ನನಗೆ ಕಂಡಿತು. ನಗುತ್ತಾ ನುಂಗಿದಳು. ಆಮೇಲೆ ಬಡಿಸುವವನನ್ನು ಕರೆದು, "ಅಗೋ, ನಮ್ಮತ್ತೆಗೆ ಇನ್ನೊಂದು ಹೋಳಿಗೆ ಹಾಕಿ," ಅಂದಳು.